ಕಟಾನಪ್ಪನನ್ನು ನನ್ನ ಕೈಗೆ ಕೊಟ್ಟು ಹೋದರು

ಊರಿಗೆ ಹೋಗುವವರು ನನ್ನ ಹತ್ತಿರ ಏನು ಬೇಕಾದರೂ ಬಿಟ್ಟು ಹೋಗಬಹುದು. ಬಳ್ಳಾರಿಯಲ್ಲಿ ನಾವು ಖಾನಾವಳಿ ನಡೆಸಿದಷ್ಟು ಕಾಲ, ಊಟಕ್ಕೆ ಬರುವ ಡಾಕ್ಟರಿಕಿ ಓದೋ ಹುಡುಗರ ಟ್ರಂಕು ಕಾಯ್ದಿದ್ದೇನೆ, ಸೈಕಲ್ ಕಾಯ್ದಿದ್ದೇನೆ. ಒಬ್ಬ ಗಿಳಿ ಬಿಟ್ಟು ಹೋಗಿದ್ದ. ಇನ್ನೊಬ್ಬ ಗಾಜಿನ ಸೀಸೆಯೊಳಗೆ ಹಾವು ಬಿಟ್ಟು ಹೋಗಿದ್ದ. ಅದು ಮೊದಲೇ ಸತ್ತಿತ್ತು, ಹಾಲು ಹಾಕುವ ಕೆಲಸ ಇರಲಿಲ್ಲ. ಎಲ್ಲವನ್ನೂ ಹೇಗೆ ಇಸಕೊಂಡಿದ್ದೆನೋ ಹಾಗೇ ವಾಪಸ್ ಕೊಟ್ಟವಳು ನಾನು. ಹೀಗಿರುವಾಗ ಸಿರಿಗೇರಿಯ ಮಲ್ಲಣ್ಣ ಬಂದು, “ಅವ್ವ, ದಸರಾಕ್ಕ ಊರಿಗೆ ಹೊಂಟೀನಿ. ನನ್ನ ಕತ್ತಿವೀರನ್ನ ನೀವು ನೋಡ್ಕೋಬೇಕು” ಅಂದಾಗ, “ಬಿಟ್ಟು ಹೋಗಪ್ಪ, ಅದೇನು ದೊಡ್ಡ ಮಾತು” ಅಂದೆ.

ಅಂದಿದ್ದೇ ತಪ್ಪಾಯಿತು!

ಕತ್ತಿವೀರ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ಊಟಕ್ಕೆ ಬರುವವರಲ್ಲಿ ಸೆಲ್ವ ಅಂತ ಒಬ್ಬ ಹುಡುಗ. ಹುಟ್ಟಿದ್ದು ಮಲೇಷಿಯಾ, ಮನೆ ಮಾತು ತಮಿಳು, ಓದಾಕ ಬಂದದ್ದು ಬಳ್ಳಾರಿಗೆ. ಕನ್ನಡ ಕಲಿತಿದ್ದು ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರ. ಅವನು ತನ್ನ ದೇಶದಿಂದ ಒಂದು ಆಟ ತಂದಿದ್ದ. ಕವಡೆ ಇಲ್ಲ, ಮನೆ ಬರೆಯೋದಿಲ್ಲ, ಕಾಯಿ ನಡೆಸೋದಿಲ್ಲ. ಸೆಲ್ವ ಒಂದು ಕಥೆ ಹೇಳುತ್ತಾನೆ. ಕಥೆಯೊಳಗೆ ಒಬ್ಬೊಬ್ಬರಿಗೂ ಒಬ್ಬೊಬ್ಬ ಮನುಷ್ಯ. ಕಾಡು ಬಂತು, ಕಳ್ಳ ಬಂದ ಅಂತ ಸೆಲ್ವ ಹೇಳಿದರೆ, ನಮ್ಮ ಮನುಷ್ಯ ಏನು ಮಾಡುತ್ತಾನೆ ಅಂತ ನಾವು ಹೇಳಬೇಕು. ಅದು ನಡೆಯುತ್ತದೋ ಇಲ್ಲವೋ ಅನ್ನೋದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ದೊಡ್ಡ ಅಂಕಿ ಬಿದ್ದರೆ ಗೆದ್ದೆ, ಸಣ್ಣದು ಬಿದ್ದರೆ ಸತ್ತೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲೇ ಆಡುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ.

ಮಲ್ಲಣ್ಣನ ಮನುಷ್ಯ ಜಪಾನ್ ದೇಶದ ಕತ್ತಿವೀರ. ಅವನ ಕತ್ತಿಗೆ ಕಟಾನಾ ಅಂತ ಹೆಸರು. ಅವನಿಗೂ ಏನೋ ಹೆಸರಿತ್ತು, ನನ್ನ ನಾಲಿಗೆಗೆ ಹತ್ತಲಿಲ್ಲ. ಕಟಾನಪ್ಪ ಅಂತ ಕರೆದೆ. ಅದೇ ನಿಂತಿತು.

ಹೋಗುವ ಮುಂಚೆ ಮಲ್ಲಣ್ಣ ನನಗೆ ಎಲ್ಲಾ ತಿಳಿಸಿ ಹೇಳಿದ.

“ಅವ್ವ, ಇವನ ಕೈಚಳಕ ಇರೋದು ಒರಿಯಿಂದ ಕತ್ತಿ ಎಳಿಯೋದ್ರಾಗ. ಎಳಿಯೋದು ಬ್ಯಾರೆ, ಹೊಡಿಯೋದು ಬ್ಯಾರೆ ಅಲ್ಲ. ಎರಡೂ ಒಂದ ಏಟು. ರೆಪ್ಪಿ ಬಡಿಯೋದ್ರಾಗ ಎದುರಿನವ ಎರಡು ತುಂಡು. ಆದ್ರ ಹೊರಗ ಬಂದ ಮ್ಯಾಲ ಅದು ಎಲ್ಲಾರ ಕತ್ತಿ ಹಂಗ. ತಿರುಗಿ ಒರಿಗೆ ಸೇರಿಸಿದ್ರಽ ತಿರುಗಿ ಆ ಶಕ್ತಿ.”

ಬಾಗಿಲಲ್ಲಿ ಕುಂತು ಎಲೆ ಅಡಿಕೆ ಹಾಕುತ್ತಿದ್ದ ನಮ್ಮ ಯಜಮಾನರು, “ಇದನ್ನ ಆಕಿಗೆ ಹೇಳಿಕೊಡಬೇಕೇನೋ? ಆಕಿ ಬಾಯಿ ಹಂಗಽ ಐತಿ. ಹೊರಗ ಬರೋದು, ಹೊಡಿಯೋದು ಒಂದಽ ಏಟು” ಅಂದರು.

“ನೀವು ಸುಮ್ಕ ಅಡಿಕಿ ಅಗೀರಿ” ಅಂದೆ.

ಮಲ್ಲಣ್ಣನಿಗೆ ನಗು ಬರಲಿಲ್ಲ. “ಅವ್ವ, ಎರಡು ವರ್ಷ ಸಾಕೀನಿ ಇವನ್ನ. ಇವನ ಗುರುವನ್ನ ಕೊಂದವ ಒಬ್ಬ ಅದಾನ, ಕರಿ ಮುಸುಕಿನವ. ಅವಂದೂ ಇದಽ ವಿದ್ಯಾ. ಅವ ಎದುರಿಗೆ ಬಂದ್ರ ತಡಾ ಮಾಡಬ್ಯಾಡ್ರಿ. ಮೊದಲು ಯಾರು ಎಳಿತಾರ ಅವರು ಉಳಿತಾರ. ಸತ್ರ ಸತ್ತಂಗ, ಮತ್ತ ಎದ್ದು ಬರಂಗಿಲ್ಲ. ಜೀವಂತ ಕೊಡ್ರಿ ಅಷ್ಟಽ.”

“ಗಿಳೀನೇ ಸಾಯಗೊಡಲಿಲ್ಲ ನಾನು. ಇವ ಮನಷಾ ಅದಾನ.”

“ಗಿಳಿ ಜಗಳಕ್ಕ ಹೋಗಂಗಿಲ್ಲಲ್ರೀ ಅವ್ವ” ಅಂತ ಹೇಳಿ ಸಿರಿಗೇರಿ ಬಸ್ಸು ಹತ್ತಿದ.

ದಸರಾ ಮುಗಿಯುತ್ತಿದ್ದಂತೆ ಹುಡುಗರಿಗೆ ಪರೀಕ್ಷೆ. ಅಷ್ಟರೊಳಗೆ ಕಥೆ ಮುಗಿಸಬೇಕು ಅಂತ ಸೆಲ್ವನಿಗೆ ಅವಸರ. ಆಡಲು ಉಳಿದವರು ನಾನು ಮತ್ತು ಕುರುಗೋಡಿನ ಈರಣ್ಣ. ಈರಣ್ಣನ ಮನುಷ್ಯ ಒಬ್ಬ ಸ್ವಾಮಿ. ಮಂತ್ರ ಹೇಳಿ ಮುಟ್ಟಿದರೆ ಗಾಯ ಮಾಯುತ್ತದೆ. ಕತ್ತಿಯವನ ಜೊತೆಗೆ ವೈದ್ಯ. ಇನ್ನೇನು ಬೇಕು, ಒಲೆ ಮುಂದೆ ಇಷ್ಟು ವರ್ಷ ಬೆಂದವಳಿಗೆ ಇದು ಯಾವ ಲೆಕ್ಕ ಅಂದುಕೊಂಡೆ.

ಮೊದಲ ಮಧ್ಯಾಹ್ನ ಸೆಲ್ವ ಕಥೆ ಶುರು ಮಾಡಿದ.

“ಅಮ್ಮ, ಕಾಡು. ಕಾಡಲ್ಲಿ ಒಂದು ಮನೆ. ದಾರಿ ಹೋಗೋರಿಗೆ ಊಟ ಹಾಕ್ತಾರೆ. ಒಬ್ಬ ಮುದುಕ ಬಂದ. ಗಂಜಿ ಕೊಟ್ಟ.”

“ಗಂಜಿ ಹೆಂಗೈತಿ?”

ಸೆಲ್ವ ಕಥೆ ಬರೆದಿಟ್ಟುಕೊಂಡಿದ್ದ ಪುಸ್ತಕ ನೋಡಿದ. ಪುಸ್ತಕದಲ್ಲಿ ಇರಲಿಲ್ಲ. “ನೀರು ನೀರು” ಅಂದ.

“ಉಪ್ಪು?”

“ಇಲ್ಲ ಅನ್ಕೊಳ್ಳಿ.”

ನನಗೆ ಮೈ ಉರಿಯಿತು. ದಾರಿಯಲ್ಲಿ ಬಂದವರಿಗೆ ಉಪ್ಪಿಲ್ಲದ ನೀರು ಕುಡಿಸೋದು ಯಾವ ಮರ್ಯಾದೆ? ಕಟಾನಪ್ಪನನ್ನು ಸೀದಾ ಅಡಿಗೆ ಮನೆಗೆ ನುಗ್ಗಿಸಿದೆ. “ಗಡಿಗಿಯೊಳಗ ಏನೈತಿ ತೋರಿಸೋ ಮುದುಕಾ ಅಂತ ಕೇಳ್ತೀನಿ.”

“ಮುದುಕ ತೋರಿಸೋದಿಲ್ಲ ಅಂತಾನೆ.”

“ಕತ್ತಿ ತೆಗದು ಹೆದರಸ್ತೀನಿ.”

ಈರಣ್ಣ, “ಅವ್ವಾ, ಬ್ಯಾಡ...” ಅನ್ನುವುದರೊಳಗೆ ದಾಳ ಉರುಳಿಸಿಬಿಟ್ಟಿದ್ದೆ. ಎಂಥಾ ಅಂಕಿ ಬಿತ್ತು ಅಂತೀರಿ! ಹತ್ತೊಂಬತ್ತು! ನಾನು ಹಿಗ್ಗಿದೆ.

ಆದರೆ ಮಲ್ಲಣ್ಣ ಹೇಳಿದ್ದು ಮರೆತಿದ್ದೆ. ಈ ಪುಣ್ಯಾತ್ಮನಿಗೆ ಬರೀ ಹೆದರಿಸೋದು ಬರೋದಿಲ್ಲ. ಎಳೆಯೋದೂ ಹೊಡೆಯೋದೂ ಒಂದೇ! ಗಡಿಗೆ ಎರಡು ಹೋಳಾಯಿತು. ಗಂಜಿ ನೆಲದ ಪಾಲು. ಮುದುಕ ಸತ್ತೆನೋ ಬದುಕಿದೆನೋ ಅಂತ ಕಾಡಿನೊಳಗೆ ಓಡಿಹೋದ.

“ಓಡಿ ಹೋಗ್ಲಿ ಬಿಡು. ಅಡಿಗಿ ಬರಂಗಿಲ್ಲ ಅವಂಗ” ಅಂದೆ.

ಈರಣ್ಣ ಹಣೆ ಬಡಕೊಂಡ. “ಬೆಟ್ಟದ ಒಳದಾರಿ ಗೊತ್ತಿದ್ದವ ಅವನೊಬ್ಬನಽ ಇದ್ದ ಅವ್ವ! ಅವನ್ನ ಹುಡುಕ್ಕೊಂತ ಬಂದಿದ್ವಿ ನಾವು!”

ಒಳದಾರಿ ತಪ್ಪಿತು. ಎರಡನೇ ಮಧ್ಯಾಹ್ನ ಹೊರದಾರಿಯಲ್ಲಿ ನಡೆಯಬೇಕಾಯಿತು. ಹೊರದಾರಿಯ ತುಂಬ ಕಳ್ಳರು.

ಸೆಲ್ವ ಕಳ್ಳರನ್ನು ವರ್ಣಿಸುವುದು ಕೇಳಬೇಕು. “ಒಬ್ಬ ಮುಂದೆ ಬಂದ ಅಮ್ಮ. ಬಾಯಿ ತೆಗೆದ. ನಾಲಿಗೆ ಹೊರಗೆ ಹಾಕಿದ. ಜೋರಾಗಿ ಉಸಿರು ತಗೊಂಡ.” ಆಸ್ಪತ್ರೆಯಲ್ಲಿ ಕಲಿತದ್ದು ಅಷ್ಟೇ!

ಈ ಸಲ ನಾನು ಹದವಾಗಿ ಇದ್ದೆ. ಕಳ್ಳ ಹತ್ತಿರ ಬರುವ ತನಕ ಕಟಾನಪ್ಪ ಕಲ್ಲಿನ ಹಾಗೆ ನಿಂತ. ದಾಳ ಹಾಕಿದೆ. ಎಳೆದ. ಕಳ್ಳ ಎರಡು ತುಂಡು! ಈರಣ್ಣ ಚಪ್ಪಾಳೆ ಹೊಡೆದ. ಯಜಮಾನರು ಎಲೆ ಅಡಿಕೆ ಮರೆತು ಒಳಗೆ ಬಂದು ಕುಂತರು.

“ಇನ್ನೂ ಮೂವರು ಇದಾರೆ ಅಮ್ಮ. ಈಗ ಏನು ಮಾಡ್ತೀರಿ?”

“ಕತ್ತಿ ಒರಿಗೆ ಸೇರಸಬೇಕಲ್ಲ? ಮೊದಲು ಒರಸ್ತೀನಿ.”

“ಒರಸೋದು?”

“ರಕ್ತ ಆಗಿರತೈತಲ್ಲಪ್ಪ. ಹಂಗಽ ಒಳಗ ಇಟ್ರ ಜಂಗು ಹಿಡಿತೈತಿ. ನೀರು ಎಲ್ಲೈತಿ?”

ಸೆಲ್ವ ಈರಣ್ಣನ ಮುಖ ನೋಡಿದ. ಈರಣ್ಣ ಸೂರು ನೋಡಿದ. “ಹೊಳೆ ಇದೆ” ಅಂದ ಸೆಲ್ವ. “ಸ್ವಲ್ಪ ದೂರ.”

“ತೊಳಕೊಂಡು ಬರ್ತೀನಿ.”

ತೊಳೆದೆ. ಬೂದಿ ಹಚ್ಚಿ ತಿಕ್ಕಿದೆ. ಬಿಸಿಲಿಗೆ ಹಿಡಿದು ಒಣಗಿಸಿದೆ. ಅಷ್ಟು ಹೊತ್ತೂ ಇತ್ತ ಮೂವರು ಕಳ್ಳರು ಸೇರಿ ಈರಣ್ಣನ ಸ್ವಾಮಿಯನ್ನು ಬಡಿಯುತ್ತಿದ್ದರು.

“ಅವ್ವಾ, ಬರ್ರೀ! ಕೊಲ್ತಾರ ನನ್ನ!”

“ತಡಿಯೋ. ಒರಿಯೊಳಗೂ ಪಸಿ ಇರಬಾರದು. ನಾಳಿ ಮಲ್ಲಣ್ಣ ಬಂದು ಕತ್ತಿ ಯಾಕ ಹಿಂಗಾತಂದ್ರ ನೀ ಉತ್ತರ ಕೊಡ್ತೀಯೇನು?”

“ಮಲ್ಲಣ್ಣ ಕತ್ತಿ ಕೇಳ್ತಾನ, ನನ್ನ ಯಾರು ಕೇಳ್ತಾರ?”

ಕತ್ತಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಬಂದು ಕಳ್ಳರನ್ನು ಓಡಿಸಿದೆ. ಸ್ವಾಮಿ ಬದುಕಿದ. ಆದರೆ ಮುಂದಿನ ಹಲ್ಲು ಒಂದೂ ಉಳಿದಿರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಮಂತ್ರ ಸರಿಯಾಗಿ ಹೊರಡುವುದಿಲ್ಲ, ಇನ್ನು ಮೇಲೆ ದಾಳದಲ್ಲಿ ಬಹಳ ದೊಡ್ಡ ಅಂಕಿ ಬಿದ್ದರೆ ಮಾತ್ರ ಗಾಯ ಮಾಯುತ್ತದೆ ಅಂತ ಸೆಲ್ವ ತೀರ್ಮಾನ ಕೊಟ್ಟ. ಈರಣ್ಣ ಆ ದಿನ ರೊಟ್ಟಿ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮುನಿಸು ಇದ್ದರೆ ಇರಲಿ. ಕಟಾನಪ್ಪನ ಮೈಮೇಲೆ ಒಂದು ಗೀರು ಇರಲಿಲ್ಲ. ನನಗೆ ಒಪ್ಪಿಸಿದ್ದು ಅವನನ್ನು. ಸ್ವಾಮಿಯ ಹಲ್ಲನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ.

ಮೂರನೇ ಆಟದ ದಿನ ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ನಸುಕಿಗೇ ಅಡಿಗೆ ಮುಗಿಸುತ್ತೇವೆ. ಹೋಳಿಗೆ, ಕಟ್ಟಿನ ಸಾರು, ಎಲ್ಲಾ ಇಳಿಸಿ, ಆಮೇಲೆ ಈಳಿಗೆ, ಚಾಕು, ಲಟ್ಟಣಿಗೆ, ಒರಳು, ಒನಕೆ, ಯಜಮಾನರ ಸೈಕಲ್, ಎಲ್ಲಕ್ಕೂ ವಿಭೂತಿ ಬಳಿದು, ಹೂವು ಏರಿಸಿ, ದಾರ ಕಟ್ಟುತ್ತೇವೆ. ಕಟ್ಟಿದ ಮೇಲೆ ಮರುದಿನ ಪೂಜೆ ಕದಲಿಸುವ ತನಕ ಮುಟ್ಟುವಂತಿಲ್ಲ. ವರ್ಷವೆಲ್ಲಾ ನಮಗೆ ದುಡಿದಿರುತ್ತವೆ. ಒಂದು ದಿನ ಅವಕ್ಕೂ ರಜಾ.

ಹುಡುಗರು ಉಂಡರು. ಆಟಕ್ಕೆ ಕುಂತೆವು. ಯಜಮಾನರು ಹೋಳಿಗೆ ತಿಂದ ಹುರುಪಿನಲ್ಲಿ, “ಅಲ್ಲಽ, ಊರಿಗೆಲ್ಲಾ ಪೂಜಿ ಮಾಡಿದಿ. ನಿನ್ನ ಕಟಾನಪ್ಪನ ಕತ್ತಿ ಏನು ಪಾಪ ಮಾಡೈತಿ?” ಅಂದರು.

ಅವರು ಆಡಿದ್ದು ಚೇಷ್ಟೆಗೆ. ನನಗೆ ಅದು ನಿಜ ಅನ್ನಿಸಿತು. ಇವತ್ತಿನ ದಿನ ಕತ್ತಿಯವನ ಕತ್ತಿಗೇ ಪೂಜೆ ಇಲ್ಲ ಅಂದರೆ! ಅದೂ ಇನ್ನೊಬ್ಬರು ನಂಬಿ ಕೊಟ್ಟ ಕತ್ತಿ!

“ಸೆಲ್ವಾ, ಬರಕೊ. ಕಟಾನಪ್ಪ ಜಳಕಾ ಮಾಡಿ, ಮಣಿ ಮ್ಯಾಲ ಕತ್ತಿ ಇಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿ, ದಾರ ಕಟ್ಟಿ, ಕಾಯಿ ಒಡದ.”

ಸೆಲ್ವ ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ. “ನಮ್ಮ ಮನೆಯಲ್ಲೂ ಇದೆ ಅಮ್ಮ. ಅಪ್ಪ ಲಾರಿಗೆ ಮಾಡ್ತಾರೆ” ಅಂತ ಬರೆದುಕೊಂಡ. ಬರೆದ ಮೇಲೆ ತನ್ನ ಪುಸ್ತಕದ ಮುಂದಿನ ಹಾಳೆ ತಿರುವಿದ. ತಿರುವಿದವನ ಮುಖ ಇಳಿಯಿತು.

“ಅಮ್ಮ, ಒಂದು ಸಲ ಯೋಚನೆ ಮಾಡಿ. ಪೂಜೆ ಬೇಗ ಮುಗೀತಾ?”

“ನಾಳಿ ಮುಗಿತೈತಿ.”

ಸೆಲ್ವ ಉಸಿರು ಬಿಟ್ಟ. “ಸೇತುವೆ. ಆ ಕಡೆಯಿಂದ ಒಬ್ಬ ಬಂದ. ಕರಿ ಮುಸುಕು. ಎಡಗೈ ಒರೆ ಮೇಲೆ. ‘ನಿನ್ನ ಗುರುವನ್ನ ಕೊಂದವನು ನಾನು, ಎಳಿ ಕತ್ತಿ’ ಅಂತಾನೆ.”

ಎರಡು ವರ್ಷದಿಂದ ಮಲ್ಲಣ್ಣ ಹುಡುಕುತ್ತಿದ್ದ ವೈರಿ! ಬಂದದ್ದು ಇವತ್ತು!

“ನಾಳಿ ಬಾ ಅಂತ ಹೇಳು” ಅಂದೆ.

“ಅವ್ವಾ!” ಈರಣ್ಣ ಎದ್ದು ನಿಂತ. “ನಾಳಿ ಬಾ ಅನ್ನಾಕ ಅವನೇನು ಹಾಲಿನವನೇನ್ರೀ?”

“ಇವತ್ತು ಆಯುಧ ಮುಟ್ಟಂಗಿಲ್ಲ ಅಂತ ಅವಂಗೂ ಗೊತ್ತಿರತೈತಿ.”

“ಗೊತ್ತಿಲ್ಲ ಅಮ್ಮ. ಜಪಾನ್” ಅಂದ ಸೆಲ್ವ.

“ಕತ್ತಿ ಹಿಡದು ಹೊಟ್ಟಿ ಹೊರಕೊಳ್ಳೋನಿಗೆ ಕತ್ತಿ ಪೂಜಿ ಗೊತ್ತಿಲ್ಲಂದ್ರ ಅವ ಯಾವ ಸೀಮಿ ಕತ್ತಿಯವ! ಕರದು ಕುಂದ್ರಸು. ಎರಡು ಹೋಳಿಗಿ ಹಾಕು. ನಾಳಿ ಬನ್ನಿ ಕೊಟ್ಟು ಆಮ್ಯಾಲ ಹೊಡದಾಡೋಣು ಅಂತ ಮರ್ಯಾದಿಲೆ ಹೇಳ್ತೀನಿ.”

ವೈರಿಯನ್ನು ಒಪ್ಪಿಸಲಿಕ್ಕೂ ದಾಳ ಹಾಕಬೇಕು. ಕಣ್ಣಿಗೆ ಒತ್ತಿಕೊಂಡು ಹಾಕಿದೆ. ಒಂದು ಬಿತ್ತು. ಇಪ್ಪತ್ತು ಮುಖ ಇಟ್ಟುಕೊಂಡು ಆ ದರಿದ್ರ ದಾಳಕ್ಕೆ ಅದೇ ಮುಖ ಬೇಕಾಗಿತ್ತು!

“ಅವನು ನಕ್ಕ ಅಮ್ಮ. ಹತ್ತಿರ ಬರ್ತಾ ಇದಾನೆ.”

“ಕತ್ತಿ ತಗೊಳ್ರಿ ಅವ್ವಾ! ಅದು ಆಟದ ಕತ್ತಿ! ಎಲ್ಲೀ ದಾರ, ಎಲ್ಲೀ ವಿಭೂತಿ? ಬಾಯಿಲೆ ಮಾಡಿದ ಪೂಜಿ!”

“ಬಾಯಿಲೆ ಹೊಡಿಯೋ ಕತ್ತಿಗೆ ಬಾಯಿಲೇ ಪೂಜಿ. ಮಾಡಿದ ಮ್ಯಾಲ ಮುಗೀತು.”

ಹಚ್ಚಿಕೊಟ್ಟ ಯಜಮಾನರೇ ಈಗ ಬೆವೆತಿದ್ದರು. “ಕತ್ತಿ ತಗೊಳ್ಳಽ, ಆ ಹುಡುಗನ ಮನಷಾ ಸಾಯ್ತಾನ. ದೇವರಿಗೆ ತಪ್ಪು ಕಾಣಿಕಿ ಹಾಕಿದ್ರಾತು.”

“ಕಾಣಿಕಿ ಹಾಕಿ ಮುರಿಯೋದಿದ್ರ ಕಟ್ಟೋದು ಯಾಕ?”

“ಹಂಗಾರ ಒಂದು ಕೋಲಾದ್ರೂ ತಗೋ!”

“ಮನ್ಯಾಗ ಕೋಲು ಅಂತ ಇರೋದು ಒನಕಿ, ಲಟ್ಟಣಿಗಿ. ಅವಕ್ಕೂ ದಾರ ಕಟ್ಟೀನಿ.”

ಸೆಲ್ವ ಬಹಳ ಮೆತ್ತಗೆ ಕೇಳಿದ. “ಅಮ್ಮ, ಕಟಾನಪ್ಪ ಏನು ಮಾಡ್ತಾನೆ?”

ಮಾಡಲು ಏನುಳಿದಿತ್ತು? “ಕೈ ಮುಗಿತಾನ” ಅಂದೆ.

ಕರಿ ಮುಸುಕಿನವ ಕೈ ಮುಗಿಯಲಿಲ್ಲ. ಎಳೆದ. ಅವನ ವಿದ್ಯೆಯೂ ಅದೇ ಅಲ್ಲವೇ, ಒಂದೇ ಏಟು. ಈರಣ್ಣನ ಸ್ವಾಮಿ ಓಡಿ ಬಂದು, ಹಲ್ಲಿಲ್ಲದ ಬಾಯಲ್ಲಿ ಪುಸ್ ಪುಸ್ ಅಂತ ಮಂತ್ರ ಹೇಳಿದ. ದಾಳ ನಾಲ್ಕಕ್ಕೆ ನಿಂತಿತು. ಸೆಲ್ವ ಪುಸ್ತಕ ಮುಚ್ಚಿ, ಎದ್ದು ನಿಂತು, ಆಸ್ಪತ್ರೆಯಲ್ಲಿ ದಿನಾ ಕೇಳಿ ಕಲಿತ ಮಾತನ್ನು ಹೇಳಿದ.

“ನಮ್ಮ ಕೈಲಾದಷ್ಟು ಮಾಡಿದ್ವಿ ಅಮ್ಮ. ಮನೆಯವರಿಗೆ ತಿಳಿಸಿ.”

ಹೀಗಾಗಿ ಜಪಾನ್ ದೇಶದ ಖ್ಯಾತ ಖಡ್ಗಧಾರಿಗಳಾದ ಶ್ರೀಮಾನ್ ಕಟಾನಪ್ಪನವರು, ವಿಭೂತಿ ಹಚ್ಚಿಸಿಕೊಂಡ ತಮ್ಮ ಕತ್ತಿಯನ್ನು ಮಣೆಯ ಮೇಲೇ ಬಿಟ್ಟು, ಬಳ್ಳಾರಿಯ ನಮ್ಮ ಪಡಸಾಲೆಯಲ್ಲಿ ಕೈಮುಗಿದ ಭಂಗಿಯಲ್ಲಿ ಲಿಂಗೈಕ್ಯರಾದರು.

ಮರುದಿನ ಸಂಜೆ ಮಲ್ಲಣ್ಣ ಬಂದ. ಬನ್ನಿ ಕೊಟ್ಟ, “ಬಂಗಾರದಂಗ ಇರೋಣ್ರಿ ಅವ್ವ” ಅಂತ ಕಾಲಿಗೆ ಬಿದ್ದ. ಎದ್ದವನೇ, “ನಮ್ಮವ ಹೆಂಗದಾನ?” ಅಂದ.

“ಮೊದಲು ಉಣ್ಣು” ಅಂದೆ.

ಎಲೆ ಹಾಕಿದೆ. ಹೋಳಿಗೆ ಹಾಕಿದೆ. ತುಪ್ಪ ಕೇಳುವ ಮುಂಚೆ ಹಾಕಿದೆ, ಹಾಕಿದ ಮೇಲೆ ಇನ್ನೊಮ್ಮೆ ಹಾಕಿದೆ. ಮಲ್ಲಣ್ಣ ತುತ್ತು ಕೈಯಲ್ಲಿ ಹಿಡಿದು ಹಾಗೇ ಕುಂತ. ನಮ್ಮ ಕಡೆ ಸಾವಿನ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳುವುದಿಲ್ಲ, ಉಣಿಸಿ ಹೇಳುತ್ತಾರೆ. ಹಳ್ಳಿ ಹುಡುಗ, ಅವನಿಗೆ ಗೊತ್ತಿಲ್ಲವೇ?

ಮುಖ ಬಿಳಚಿಕೊಂಡಿತು. “ಅವ್ವ... ಯಾರು? ನಾ ಬಸ್ ಹತ್ತಿದ ಮ್ಯಾಲ ಊರಿಂದ ಫೋನು ಬಂತೇನ್ರಿ? ನಮ್ಮ ಅಜ್ಜಿ...”

“ನಿಮ್ಮ ಅಜ್ಜಿ ಗಟ್ಟಿ ಅದಾಳಪ್ಪ. ನಿನ್ನ ಕಟಾನಪ್ಪ ಹೋದ.”

“ಅಯ್ಯೋ ದೇವರೇ, ಅಷ್ಟಽನಾ!” ಅಂತ ಎದೆ ಮುಟ್ಟಿಕೊಂಡು ತುತ್ತು ಬಾಯಿಗಿಟ್ಟ. ಎರಡು ಸಲ ಅಗಿದ. ಆಮೇಲೆ ಅಗಿಯೋದು ನಿಂತಿತು.

“ಹೋದ ಅಂದ್ರ?”

ಹೇಳಿದೆ. ಗಡಿಗೆಯಿಂದ ಹಿಡಿದು ಹೇಳಿದೆ. ಪೂಜೆಯ ಹತ್ತಿರ ಬಂದಾಗ, ಸಿಟ್ಟಾಗುತ್ತಾನೆ ಅಂದುಕೊಂಡರೆ, ತಲೆ ಅಲ್ಲಾಡಿಸಿದ. “ನಮ್ಮ ಮನ್ಯಾಗ ನೇಗಿಲಿಗೆ ಕಟ್ಟಿದ ದಾರ ನಾವೂ ಹರಿಯಂಗಿಲ್ಲ. ನಾ ಇದ್ರೂ ಆ ಕತ್ತಿ ಮುಟ್ತಿದ್ದಿಲ್ಲ ಬಿಡ್ರಿ ಅವ್ವ” ಅಂದ.

ನನಗೆ ಜೀವ ಬಂದಂತಾಯಿತು. ಯಜಮಾನರ ಕಡೆ ಗತ್ತಿನಿಂದ ನೋಡಿದೆ.

“ಆದ್ರ...” ಅಂದ ಮಲ್ಲಣ್ಣ. “ಸಣ್ಣ ಕತ್ತಿ ತಗೀಬೇಕಾಗಿತ್ತು.”

“ಯಾವ ಸಣ್ಣ ಕತ್ತಿ?”

“ಇವರು ಸೊಂಟಕ್ಕ ಎರಡು ಸಿಕ್ಕಸಿಕೊಂತಾರಲ್ರೀ, ಒಂದು ಉದ್ದಂದು, ಒಂದು ಗಿಡ್ಡಂದು. ಗಿಡ್ಡಂದ್ರಲೇನೂ ಅದಽ ಏಟು ಬರತೈತಿ. ಅದಕ್ಕೂ ಪೂಜಿ ಮಾಡಿದ್ರೇನ್ರಿ?”

ಸೆಲ್ವನನ್ನು ನೋಡಿದೆ. ಸೆಲ್ವ ನೆಲ ನೋಡುತ್ತಿದ್ದ. “ನಿಯಮ ಅಮ್ಮ. ಆಡೋರೇ ಹೇಳಬೇಕು. ನಾನು ಹೇಳಬಾರದು” ಅಂದ.

ಮಲ್ಲಣ್ಣ ಎಲೆ ಮಡಚಿದ. “ಅಂದ್ರ ಪೂಜೀನೂ ಅರ್ಧ, ಜಗಳಾನೂ ಅರ್ಧ” ಅಂತ ಕೈ ತೊಳೆಯಲು ಎದ್ದು ಹೋದ. ಪರೀಕ್ಷೆ ಮುಗಿಯುವ ತನಕ ನನ್ನ ಜೊತೆ ಉಪ್ಪು, ಸಾರು, ಮಜ್ಜಿಗೆ ಬಿಟ್ಟು ಬೇರೆ ಮಾತಾಡಲಿಲ್ಲ. ಅವರು ಹೊಸ ಕಥೆ ಶುರು ಮಾಡಿದರು. ದಾಳವನ್ನು ನನ್ನ ಕೈಗೆ ಎಟುಕದ ಗೂಡಿನಲ್ಲಿ ಇಡುತ್ತಿದ್ದರು.

ಮುಂದಿನ ವರ್ಷ ಆಯುಧ ಪೂಜೆಗೆ ನಾನು ಎಲ್ಲಾ ಜೋಡಿಸುತ್ತಿದ್ದಾಗ, ಯಜಮಾನರು ಬಾಗಿಲಲ್ಲಿ ನಿಂತು, “ಎಲ್ಲಾ ಇಟ್ಟೀಯೇನು? ಒಮ್ಮೆ ಸೊಂಟ ತಡವಿ ನೋಡ್ಕೊ” ಅಂದರು.

ತಡವಿದೆ. ಕೀಲಿ ಕೈ ಗೊಂಚಲಿತ್ತು. ಇವರ ಬಾಯಿ ಮುಚ್ಚಿಸಬೇಕು ಅಂತ ಅದನ್ನೂ ಬಿಚ್ಚಿ ಮಣೆಯ ಮೇಲೆ ಇಟ್ಟೆ. ವಿಭೂತಿ ಹಚ್ಚಿದೆ, ದಾರ ಕಟ್ಟಿದೆ, ಕೈ ಮುಗಿದೆ.

ಎದ್ದ ಮೇಲೆ ನೆನಪಾಯಿತು. ಮಾಡಿಟ್ಟ ಹೋಳಿಗೆಯನ್ನೆಲ್ಲಾ ಬೆಕ್ಕಿಗೆ ಹೆದರಿ ಉಗ್ರಾಣದಲ್ಲಿಟ್ಟು ಕೀಲಿ ಹಾಕಿದ್ದೆ! ಹುಡುಗರು ಎಲೆ ಮುಂದೆ ಕುಂತಾಗಿತ್ತು.